ಕೆಮ್ಮಿನ ಸಿರಪ್, ಎಂಟು ತಿಂಗಳ ನಿಷೇಧ, ಆಮೇಲಿನ ಆರು ವರ್ಷ

2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ಐಪಿಎಲ್ ಹರಾಜು ನಡೆಯಿತು. ಬ್ಯಾಟರ್ ಪೃಥ್ವಿ ಶಾ ಹೆಸರು ಮೊದಲು ಬಂದಾಗ ಯಾವ ತಂಡವೂ ಕೈ ಎತ್ತಲಿಲ್ಲ. ಕೊನೆಗೆ ಡೆಲ್ಲಿ ಕ್ಯಾಪಿಟಲ್ಸ್ ಮೂಲಬೆಲೆ 75 ಲಕ್ಷಕ್ಕೆ ತೆಗೆದುಕೊಂಡಿತು. ಅದಕ್ಕೆ ಮುಂಚೆ ಅಕ್ಟೋಬರ್‌ನಲ್ಲಿ ಇದೇ ಶಾ, ಹುಟ್ಟೂರಿನ ಮುಂಬೈ ತಂಡ ಬಿಟ್ಟು ಮಹಾರಾಷ್ಟ್ರದ ಪರ ರಣಜಿ ಆಡುತ್ತಾ ಚಂಡೀಗಢದ ಮೇಲೆ 156 ಎಸೆತಕ್ಕೆ 222 ಹೊಡೆದಿದ್ದರು. (ಮುಂಬೈ ಸಂಘವೂ ಎಂಸಿಎ, ಪುಣೆಯ ಮಹಾರಾಷ್ಟ್ರ ಸಂಘವೂ ಎಂಸಿಎ. ಎಂಸಿಎ ಬಿಟ್ಟು ಎಂಸಿಎ ಸೇರಿದರು ಅಂದರೂ ತಪ್ಪಿಲ್ಲ.)

ಹೊಸ ಸುದ್ದಿಯ ಜೊತೆ 2019ರ ನಿಷೇಧದ ಹಳೆಯ ಸುದ್ದಿಯೂ ಎದ್ದು ಬಂತು. ‘ಡ್ರಗ್ಸ್ ತಗೊಂಡು ಬ್ಯಾನ್ ಆಗಿದ್ದನಲ್ಲ, ಅವನೇ ತಾನೆ?’ ‘ಆ ಬ್ಯಾನೇ ಹುಡುಗನನ್ನು ಹಾಳು ಮಾಡಿತು’ ಅನ್ನುವ ಮಾತುಗಳು. ವಿರಾರ್, ನಲಾಸೋಪಾರಾ, ಡೊಂಬಿವಲಿ ಕಡೆಯ ಕನ್ನಡದ ಮನೆಗಳಲ್ಲಿ ಈ ಚರ್ಚೆಗೆ ಬಿಸಿ ಸ್ವಲ್ಪ ಜಾಸ್ತಿ. ಶಾ ಅದೇ ವಿರಾರ್‌ನಿಂದ ಲೋಕಲ್ ಹಿಡಿದು ಬಾಂದ್ರಾದ ಶಾಲೆಗೆ ಹೋಗಿ, 2013ರಲ್ಲಿ ಆಜಾದ್ ಮೈದಾನದ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯದಲ್ಲಿ 546 ರನ್ ಹೊಡೆದ ಹುಡುಗ. ಕಿಟ್ ಬ್ಯಾಗ್ ಹೊತ್ತು ಬೆಳಗ್ಗೆ ಅದೇ ಗಾಡಿ ಹತ್ತುವ ಮಕ್ಕಳು ಈ ಮನೆಗಳಲ್ಲೂ ಇದ್ದಾರೆ.

ಮೇಲಿನ ಎರಡು ಮಾತಲ್ಲಿ ಮೊದಲನೆಯದು ತಪ್ಪು. ಎರಡನೆಯದು ದಿನಾಂಕಗಳ ಮುಂದೆ ನಿಲ್ಲುವುದಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಇಂದೋರ್‌ನಲ್ಲಿ ಕೊಟ್ಟ ಸ್ಯಾಂಪಲ್

2019ರ ಫೆಬ್ರವರಿ 22. ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟಿ20 ಪಂದ್ಯ. ಶಾಗೆ ಆಗ 19 ವರ್ಷ. ಒಂದು ವರ್ಷದ ಹಿಂದೆ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ನಾಯಕ. ನಾಲ್ಕು ತಿಂಗಳ ಹಿಂದೆ ರಾಜ್‌ಕೋಟ್‌ನಲ್ಲಿ ಚೊಚ್ಚಲ ಟೆಸ್ಟ್‌ನಲ್ಲೇ 134 ಹೊಡೆದವರು. ಅಂದು ಮೂತ್ರದ ಸ್ಯಾಂಪಲ್ ಕೊಟ್ಟರು.

ಈ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ತಿಳಿದರೆ ಮುಂದಿನ ಕಥೆ ಸುಲಭ. ‘ನಿಮ್ಮ ಪರೀಕ್ಷೆ ಇದೆ’ ಎಂದು ಹೇಳಿದ ಕ್ಷಣದಿಂದ ಸ್ಯಾಂಪಲ್ ಕೊಡುವವರೆಗೆ ಒಬ್ಬರು ಆಟಗಾರನನ್ನು ಕಣ್ಣಳತೆಯಿಂದ ಬಿಡುವುದಿಲ್ಲ. ಸೀಲ್ ಆದ ಕಿಟ್‌ಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳಬೇಕು. ಅಧಿಕಾರಿ ನೋಡುತ್ತಿರುವಾಗಲೇ ಮೂತ್ರ ಕೊಡಬೇಕು, ಕನಿಷ್ಠ 90 ಮಿಲಿಲೀಟರ್. ಅದನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗೆ ಅವನೇ ಸುರಿದು ಮುಚ್ಚಳ ಬಿಗಿಯಬೇಕು. ಆಮೇಲೆ ಒಂದು ಫಾರ್ಮ್. ಕಳೆದ ಏಳು ದಿನದಲ್ಲಿ ತೆಗೆದುಕೊಂಡ ಔಷಧಿಗಳನ್ನು ಅದರಲ್ಲಿ ಬರೆಯಬೇಕು.

ಆ ಫಾರ್ಮ್‌ನಲ್ಲಿ ಬರೆದುಬಿಟ್ಟರೆ ಅನುಮತಿ ಸಿಕ್ಕ ಹಾಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ನಿಷೇಧಿತ ಪಟ್ಟಿಯಲ್ಲಿರುವ ಔಷಧಿ ಬೇಕೇ ಬೇಕು ಅಂದರೆ, ವೈದ್ಯರ ಕಾಗದಪತ್ರ ಇಟ್ಟು ಮೊದಲೇ ಅರ್ಜಿ ಹಾಕಿ ವಿನಾಯಿತಿ ಪಡೆಯಬೇಕು.

ಶಾ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು ಟರ್ಬುಟಲಿನ್. ಜುಲೈ 16ಕ್ಕೆ ಆರೋಪಪಟ್ಟಿ ಮತ್ತು ತಾತ್ಕಾಲಿಕ ಅಮಾನತು. ಜುಲೈ 30ಕ್ಕೆ ಬಿಸಿಸಿಐ ಎಂಟು ತಿಂಗಳ ನಿಷೇಧ ಪ್ರಕಟಿಸಿತು. ಅಂಗಡಿಯಲ್ಲಿ ಕೊಂಡ ಕೆಮ್ಮಿನ ಸಿರಪ್ ಕುಡಿದಿದ್ದೆ ಎಂದು ಶಾ ಒಪ್ಪಿಕೊಂಡರು. ಆಟದ ಲಾಭಕ್ಕಾಗಿ ತೆಗೆದುಕೊಂಡದ್ದಲ್ಲ ಎಂಬುದನ್ನು ಬಿಸಿಸಿಐ ಕೂಡ ಒಪ್ಪಿತು.

ಬಾಟಲಿಯ ಹಿಂದಿನ ಸಣ್ಣ ಅಕ್ಷರ

ಡೊಂಬಿವಲಿಯಲ್ಲೋ ಪುಣೆಯ ಕೊಥ್ರೂಡ್‌ನಲ್ಲೋ ಮೆಡಿಕಲ್‌ಗೆ ಹೋಗಿ ‘ಖೋಕಲ್ಯಾಚಂ ಔಷಧ ದ್ಯಾ’ ಎಂದರೆ ಬರುವ ಬಾಟಲಿಗಳಲ್ಲಿ ಕೆಲವನ್ನು ತಿರುಗಿಸಿ ನೋಡಿ. ಪ್ರತಿ 5 ಮಿಲಿಲೀಟರ್‌ಗೆ ಟರ್ಬುಟಲಿನ್ ಸಲ್ಫೇಟ್ 1.25 ಮಿಲಿಗ್ರಾಂ, ಬ್ರೋಮ್‌ಹೆಕ್ಸಿನ್ 4 ಮಿಲಿಗ್ರಾಂ, ಗ್ವಾಯ್‌ಫೆನೆಸಿನ್ 50 ಮಿಲಿಗ್ರಾಂ ಎಂದು ಇರುತ್ತದೆ. ನಮ್ಮಲ್ಲಿ ಬಹಳ ಸಾಮಾನ್ಯವಾದ ಮಿಶ್ರಣ ಇದು. ಕೊನೆಯ ಎರಡು ಕಫ ಕರಗಿಸಲು. ಮೊದಲನೆಯದು ಶ್ವಾಸನಾಳ ಸಡಿಲಿಸಲು. ತೊಂದರೆ ಇರುವುದು ಅದರಲ್ಲೇ.

ಟರ್ಬುಟಲಿನ್ ‘ಬೀಟಾ-2 ಅಗೊನಿಸ್ಟ್’ ಗುಂಪಿನ ಔಷಧಿ. ಈ ಗುಂಪಿನವು ಉಸಿರಾಟದ ದಾರಿ ಅಗಲ ಮಾಡುತ್ತವೆ. ಜಾಸ್ತಿ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಸ್ನಾಯುಗಳ ಬಲದ ಮೇಲೂ ಪರಿಣಾಮ ಬೀರಬಲ್ಲವು. ಅದಕ್ಕೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಇವನ್ನು ಪಂದ್ಯದ ಹೊತ್ತಿನಲ್ಲೂ ಬೇರೆ ಹೊತ್ತಿನಲ್ಲೂ ನಿಷೇಧಿಸಿದೆ. ಆಸ್ತಮಾ ಇರುವ ಆಟಗಾರರಿಗಾಗಿ ಕೆಲವಕ್ಕೆ ರಿಯಾಯಿತಿ ಇದೆ. ಉದಾಹರಣೆಗೆ, ಸಾಲ್ಬುಟಮಾಲ್ ಅನ್ನು ಇನ್‌ಹೇಲರ್‌ನಲ್ಲಿ 24 ಗಂಟೆಗೆ 1600 ಮೈಕ್ರೋಗ್ರಾಂವರೆಗೆ ತೆಗೆದುಕೊಳ್ಳಬಹುದು. ಅದೇ ಸಾಲ್ಬುಟಮಾಲ್ ಸಿರಪ್ ರೂಪದಲ್ಲಿ ಕುಡಿದರೆ ಅಪರಾಧ. ಟರ್ಬುಟಲಿನ್‌ಗೆ ಇನ್‌ಹೇಲರ್ ರಿಯಾಯಿತಿಯೂ ಇಲ್ಲ.

ಎರಡು ಚಮಚ ಸಿರಪ್‌ನಿಂದ ಯಾರ ಕವರ್ ಡ್ರೈವ್ ಕೂಡ ಸುಧಾರಿಸುವುದಿಲ್ಲ ಬಿಡಿ. ಆದರೆ ನಿಯಮ ಕೇಳುವ ಪ್ರಶ್ನೆ ಅದಲ್ಲ.

ಗೊತ್ತಿರಲಿಲ್ಲ ಅಂದರೆ ಬಿಡುವುದಿಲ್ಲ

ದೇಹದೊಳಗೆ ಏನು ಹೋಗುತ್ತದೋ ಅದಕ್ಕೆ ಆಟಗಾರನೇ ಹೊಣೆ. ಇದು ಇಡೀ ವ್ಯವಸ್ಥೆಯ ತಳಪಾಯ. ಉದ್ದೇಶ ಇರಲಿ ಬಿಡಲಿ, ಸ್ಯಾಂಪಲ್‌ನಲ್ಲಿ ಸಿಕ್ಕರೆ ಉಲ್ಲಂಘನೆ ಆದಂತೆಯೇ. ಉದ್ದೇಶ ಲೆಕ್ಕಕ್ಕೆ ಬರುವುದು ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ ಮಾತ್ರ.

ಇದು ಅನ್ಯಾಯ ಅನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. 19ರ ಹುಡುಗ, ರಾತ್ರಿ ಕೆಮ್ಮು, ಪಕ್ಕದಲ್ಲಿ ತಂಡದ ವೈದ್ಯರಿಲ್ಲ, ರಸ್ತೆಯಾಚೆ ಮೆಡಿಕಲ್ ಶಾಪ್. ಅವನನ್ನೂ ಸ್ಟಿರಾಯ್ಡ್ ಚುಚ್ಚಿಕೊಂಡವನನ್ನೂ ಒಂದೇ ಹೆಸರಿಂದ ಕರೆಯುವುದು ಸರಿಯಾ? ಇನ್ನೊಂದು ಕಡೆಯವರು ಹೇಳುವುದು: ‘ಗೊತ್ತಿರಲಿಲ್ಲ’ ಎಂಬುದನ್ನು ಒಪ್ಪಿಬಿಟ್ಟರೆ ನಾಳೆ ಸಿಕ್ಕಿಬಿದ್ದವರೆಲ್ಲ ಅದನ್ನೇ ಹೇಳುತ್ತಾರೆ. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಲ್ಯಾಬ್ ಹೇಳಲಾರದು. ನನಗೆ ಎರಡನೆಯ ವಾದವೇ ಗಟ್ಟಿ ಅನ್ನಿಸುತ್ತದೆ. ನಿಯಮ ಬಿಗಿಯಾಗಿರಲಿ, ಶಿಕ್ಷೆಯಲ್ಲಿ ವಿವೇಚನೆ ಇರಲಿ. ಆ ವಿವೇಚನೆಗೆ ಜಾಗವೂ ಇದೆ. ಟರ್ಬುಟಲಿನ್‌ನಂಥ ವಸ್ತುವಿಗೆ, ದೊಡ್ಡ ತಪ್ಪಿಲ್ಲ ಎಂದು ಸಾಬೀತಾದರೆ, ಬರೀ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಏನನ್ನಾದರೂ ಕೊಡಬಹುದು.

ಯೂಸುಫ್ ಪಠಾಣ್ 2017ರಲ್ಲಿ ಸಿಕ್ಕಿಬಿದ್ದದ್ದೂ ಇದೇ ಟರ್ಬುಟಲಿನ್‌ಗೆ. ಬರೆದುಕೊಟ್ಟ ಔಷಧಿಯ ಬದಲು ಬೇರೆಯದನ್ನು ಯಾರೋ ತಪ್ಪಾಗಿ ಕೊಟ್ಟಿದ್ದರು ಎಂಬುದು ಅವರ ವಿವರಣೆ. ಅವರಿಗೆ ಐದು ತಿಂಗಳು. ಶಾ ಯಾರನ್ನೂ ಕೇಳದೆ ತಾವೇ ಕೊಂಡು ಕುಡಿದರು. ಎಂಟು ತಿಂಗಳು.

ಎಂಟು ತಿಂಗಳು ಅಂದರೆ ನಿಜವಾಗಿ ಎಷ್ಟು?

ಓದುಗರಿಗೆ ಜಾಸ್ತಿ ಗೊಂದಲ ಇರುವುದು ಇಲ್ಲಿ. ನಿಷೇಧ 2019ರ ಮಾರ್ಚ್ 16ರಿಂದ ನವೆಂಬರ್ 15ರ ಮಧ್ಯರಾತ್ರಿವರೆಗೆ ಎಂದು ಆದೇಶ ಹೇಳಿತು. ಆದರೆ ಮಾರ್ಚ್ 30ರಂದು ಶಾ ದೆಹಲಿಯಲ್ಲಿ ಕೋಲ್ಕತ್ತಾ ವಿರುದ್ಧ ಐಪಿಎಲ್ ಪಂದ್ಯದಲ್ಲಿ 99 ಹೊಡೆದದ್ದನ್ನು ದೇಶವೇ ನೋಡಿದೆ. ನಿಷೇಧದಲ್ಲಿರುವವನು ಆಡಿದ್ದು ಹೇಗೆ?

ಆಡುವಾಗ ನಿಷೇಧ ಇರಲಿಲ್ಲ. ದಿನಾಂಕವನ್ನು ಆಮೇಲೆ ಹಿಂದಕ್ಕೆ ಎಳೆದರು. ಆಟಗಾರ ತಪ್ಪನ್ನು ತಕ್ಷಣ ಒಪ್ಪಿಕೊಂಡರೆ, ಅಥವಾ ಅವನದಲ್ಲದ ಕಾರಣಕ್ಕೆ ಪ್ರಕರಣ ತಡವಾದರೆ, ಶಿಕ್ಷೆಯ ಆರಂಭವನ್ನು ಹಿಂದಿನ ದಿನಾಂಕಕ್ಕೆ ತಳ್ಳಲು ಅಂದಿನ ನಿಯಮ ಬಿಡುತ್ತಿತ್ತು. ಬೇಗ ಒಪ್ಪಿಕೊಂಡದ್ದಕ್ಕೆ ಸಿಗುವ ಆ ರಿಯಾಯಿತಿಗೆ ಒಂದು ಷರತ್ತೂ ಇತ್ತು: ಶಿಕ್ಷೆಯ ಅರ್ಧವನ್ನಾದರೂ ಮುಂದಕ್ಕೆ ಅನುಭವಿಸಲೇಬೇಕು. ಜುಲೈ 16ರಿಂದ ನವೆಂಬರ್ 15ಕ್ಕೆ ಸರಿಯಾಗಿ ನಾಲ್ಕು ತಿಂಗಳು. ಲೆಕ್ಕ ಕೂತಿತು.

ಹೀಗಾಗಿ ಕಾಗದದ ಮೇಲೆ ಎಂಟು ತಿಂಗಳು, ಮೈದಾನದಲ್ಲಿ ನಾಲ್ಕು. ನಿಷೇಧದ ಕೊನೆಯ ಎರಡು ತಿಂಗಳಲ್ಲಿ ತಂಡದ ಜೊತೆ ಅಭ್ಯಾಸ ಮಾಡಬಹುದು ಎಂಬ ನಿಯಮವೂ ಇರುವುದರಿಂದ, ಸೆಪ್ಟೆಂಬರ್ 15ರ ನಂತರ ನೆಟ್ಸ್‌ಗೂ ಬಾಗಿಲು ತೆರೆಯಿತು. ಬಿಸಿಸಿಐ ತನ್ನ ಹುಡುಗನನ್ನು ಕಾಪಾಡಿತು ಎಂಬ ಟೀಕೆ ಆಗ ಜೋರಾಗಿ ಬಂತು. ಪರೀಕ್ಷೆ ಮಾಡಿಸುವುದೂ ಮಂಡಳಿಯೇ, ಶಿಕ್ಷೆ ಕೊಡುವುದೂ ಮಂಡಳಿಯೇ ಆಗಿದ್ದಾಗ ಆ ಟೀಕೆ ತಪ್ಪಿಸಿಕೊಳ್ಳುವುದು ಕಷ್ಟವೇ. ನಿಯಮ ಮೀರಿದ್ದಕ್ಕೆ ಸಾಕ್ಷಿಯಿಲ್ಲ. ಆದರೆ ಫೆಬ್ರವರಿಯ ಸ್ಯಾಂಪಲ್‌ಗೆ ಜುಲೈನಲ್ಲಿ ಆರೋಪ ಹೊರಿಸಿದ್ದು, ನಡುವೆ ಒಂದು ಐಪಿಎಲ್ ಪೂರ್ತಿ ಮುಗಿದದ್ದು ನೋಡಲು ಚೆನ್ನಾಗಿರಲಿಲ್ಲ.

ಆದರೆ ಆ ನಾಲ್ಕು ತಿಂಗಳಲ್ಲಿ ಏನೆಲ್ಲ ಆಯಿತು ನೋಡಿ. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ರೋಹಿತ್ ಶರ್ಮಾ ಮೊದಲ ಸಲ ಟೆಸ್ಟ್‌ನಲ್ಲಿ ಇನಿಂಗ್ಸ್ ಆರಂಭಿಸಿದರು: 176, 127, ಆಮೇಲೆ ರಾಂಚಿಯಲ್ಲಿ 212. ಇನ್ನೊಂದು ತುದಿಯಲ್ಲಿ ನಮ್ಮ ಮಯಂಕ್ ಅಗರ್‌ವಾಲ್, ವಿಶಾಖಪಟ್ಟಣದಲ್ಲಿ 215. ನವೆಂಬರ್ 15, ಶಾ ನಿಷೇಧದ ಕೊನೆಯ ದಿನ. ಅಂದು ಬಾಂಗ್ಲಾದೇಶದ ವಿರುದ್ಧ ಮಯಂಕ್ 243 ಹೊಡೆದರು. ಊರು ಇಂದೋರ್, ಶಾ ಸ್ಯಾಂಪಲ್ ಕೊಟ್ಟ ಊರೇ. ಆಟಗಾರ ಹೊರಗಿರುವಾಗ ಅವನ ಜಾಗ ಖಾಲಿ ಇರುವುದಿಲ್ಲ. ನಿಷೇಧದ ನಿಜವಾದ ಬೆಲೆ ತಿಂಗಳಲ್ಲಿ ಇಲ್ಲ, ಆ ತಿಂಗಳಲ್ಲಿ ಜಾಗಕ್ಕೆ ಬಂದು ಕೂತವರು ಯಾರು ಎಂಬುದರಲ್ಲಿದೆ.

ಎಲ್ಲಿ ಆಡುವುದು, ಏನು ತಿನ್ನುವುದು

ನಿಷೇಧ ಅಂದರೆ ಪಂದ್ಯ ಆಡಬಾರದು ಎಂದಷ್ಟೇ ಅಲ್ಲ. ಮಂಡಳಿಗೆ, ರಾಜ್ಯ ಸಂಘಕ್ಕೆ, ಅದರ ಸದಸ್ಯ ಕ್ಲಬ್‌ಗೆ ಸೇರಿದ ಯಾವ ಸೌಲಭ್ಯವನ್ನೂ ಬಳಸುವಂತಿಲ್ಲ.

ಮುಂಬೈಯಲ್ಲಿ ಇದರ ಅರ್ಥ ಏನು? ಮಳೆಗಾಲದಲ್ಲಿ ಇಲ್ಲಿ ಕ್ಲಬ್ ಹುಡುಗರು ಆಡುವುದು ಕಾಂಗಾ ಲೀಗ್. ಅದು ಸಂಘದ್ದು, ಹಾಗಾಗಿ ಇಲ್ಲ. ತೆರೆದ ಮೈದಾನಗಳಲ್ಲಿ ನೆಟ್ಸ್ ಕಟ್ಟಲು ಮಳೆ ಬಿಡುವುದಿಲ್ಲ, ಒಳಾಂಗಣವೇ ಬೇಕು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಒಳಾಂಗಣ ಅಕಾಡೆಮಿಯೂ ಸಂಘದ್ದೇ. ಜಿಮ್‌ಖಾನಾಗಳೂ ಸಂಘದ ಸದಸ್ಯರೇ. ಉಳಿಯುವುದು ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡುವ ಖಾಸಗಿ ನೆಟ್ಸ್, ಇಲ್ಲವೇ ಬಿಲ್ಡಿಂಗಿನ ಕಾಂಪೌಂಡ್. ಬೌಲ್ ಮಾಡಲು ಯಾರು ಬರುತ್ತಾರೆ? ಇದನ್ನು ಮೀರಿ ಸಂಘದ ಪಂದ್ಯದಲ್ಲಿ ಆಡಿಬಿಟ್ಟರೆ ಮೂಲ ನಿಷೇಧದಷ್ಟೇ ಉದ್ದದ ಇನ್ನೊಂದು ನಿಷೇಧ ಅದರ ಬಾಲಕ್ಕೆ ಸೇರುತ್ತದೆ.

ಶಾಗೆ ಈ ಒಂಟಿತನ ಎರಡು ತಿಂಗಳದ್ದು. ಮಧ್ಯಪ್ರದೇಶದ ಆಟಗಾರ್ತಿ ಅಂಶುಲಾ ರಾವ್‌ಗೆ 2021ರಲ್ಲಿ ನಾಲ್ಕು ವರ್ಷದ ನಿಷೇಧ ಆಯಿತು, ಅನಬಾಲಿಕ್ ಸ್ಟಿರಾಯ್ಡ್ ಪ್ರಕರಣದಲ್ಲಿ. ಅಭ್ಯಾಸಕ್ಕೆ ಮರಳುವ ರಿಯಾಯಿತಿ ಶಿಕ್ಷೆಯ ಕಾಲು ಭಾಗ ಅಥವಾ ಎರಡು ತಿಂಗಳು, ಯಾವುದು ಕಡಿಮೆಯೋ ಅದು. ನಾಲ್ಕು ವರ್ಷದ ಶಿಕ್ಷೆಗೂ ಎರಡೇ ತಿಂಗಳು. ಅಂದರೆ ಮೂರು ವರ್ಷ ಹತ್ತು ತಿಂಗಳು ಒಬ್ಬರೇ ಬೆವರು ಹರಿಸಬೇಕು, ಅದೂ ಯಾವ ಗುರಿಯೂ ಕಣ್ಣಿಗೆ ಕಾಣದೆ.

ದುಡ್ಡಿನ ಲೆಕ್ಕವೂ ಇದೆ. ರಣಜಿಯಲ್ಲಿ ಹೊಸಬರಿಗೆ ದಿನಕ್ಕೆ 40,000 ರೂಪಾಯಿ ಪಂದ್ಯ ಶುಲ್ಕ. ನಾಲ್ಕು ದಿನಕ್ಕೆ 1.6 ಲಕ್ಷ, ಏಳು ಲೀಗ್ ಪಂದ್ಯ ಆಡಿದರೆ 11 ಲಕ್ಷದ ಮೇಲೆ. ಐಪಿಎಲ್ ಒಪ್ಪಂದ ಇಲ್ಲದವನಿಗೆ ಇದೇ ವರ್ಷದ ಮುಖ್ಯ ಸಂಪಾದನೆ. ಮುಂಬೈಯಲ್ಲಿ ಕ್ರಿಕೆಟ್ ನಂಬಿ ಬಂದವರ ಇನ್ನೊಂದು ಆಸರೆ ಕಚೇರಿ ನೌಕರಿ. ರೈಲ್ವೆ, ಬ್ಯಾಂಕ್, ತೈಲ ಕಂಪನಿಗಳ ಕ್ರೀಡಾ ಕೋಟಾ. ಕೋಟಾದ ಕೆಲಸ ಕೇಳಲು ಆಟದ ದಾಖಲೆ ತೋರಿಸಬೇಕು. ನಿಷೇಧದ ವರ್ಷಕ್ಕೆ ಎದುರು ತೋರಿಸಲು ಏನೂ ಇರುವುದಿಲ್ಲ.

ಹಾಗಾದರೆ ನಿಷೇಧವೇ ಕೆಡಿಸಿತೇ?

ದಿನಾಂಕಗಳು ಬೇರೆಯದೇ ಹೇಳುತ್ತವೆ. ನಿಷೇಧ ಮುಗಿದು ಎರಡನೇ ದಿನ, ನವೆಂಬರ್ 17ಕ್ಕೆ, ಶಾ ವಾಂಖೆಡೆಯಲ್ಲಿ ಅಸ್ಸಾಂ ವಿರುದ್ಧ 39 ಎಸೆತಕ್ಕೆ 63 ಹೊಡೆದರು. ಡಿಸೆಂಬರ್‌ನಲ್ಲಿ ಬರೋಡಾ ವಿರುದ್ಧ ರಣಜಿ ದ್ವಿಶತಕ. 2020ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ಕ್ಯಾಪ್, ಜೊತೆಯಲ್ಲಿ ಇನಿಂಗ್ಸ್ ಆರಂಭಿಸಿದ್ದು ಅದೇ ಮಯಂಕ್. ಗಾಯಗೊಂಡ ರೋಹಿತ್ ಆ ಸರಣಿಗೆ ಇರಲಿಲ್ಲ. ನಿಷೇಧ ಮುಗಿದ ಮೂರೇ ತಿಂಗಳಲ್ಲಿ ದೇಶದ ತಂಡ. ಇದಕ್ಕಿಂತ ಬೇಗ ಯಾರು ಬರುತ್ತಾರೆ?

ಇಳಿಜಾರು ಶುರುವಾದದ್ದು 2020ರ ಡಿಸೆಂಬರ್‌ನಲ್ಲಿ, ಅಡಿಲೇಡ್‌ನಲ್ಲಿ. ಸೊನ್ನೆ ಮತ್ತು ನಾಲ್ಕು. ಎರಡು ಸಲವೂ ಬೋಲ್ಡ್. ಅದು ಅವರ ಐದನೇ ಟೆಸ್ಟ್; ಆರನೆಯದು ಬರಲಿಲ್ಲ. ಮೆಲ್ಬರ್ನ್‌ನಲ್ಲಿ ಶುಭಮನ್ ಗಿಲ್ ಬಂದರು. ಇದು ಬ್ಯಾಟು ಮತ್ತು ಪ್ಯಾಡಿನ ನಡುವಿನ ಸಂದಿನ ಸಮಸ್ಯೆ. ಸಿರಪ್‌ಗೆ ಇದರಲ್ಲಿ ಏನು ಪಾತ್ರ?

ಆಮೇಲೂ ರನ್ ನಿಲ್ಲಲಿಲ್ಲ. 2021ರಲ್ಲಿ ಮುಂಬೈಗೆ ವಿಜಯ್ ಹಜಾರೆ ಟ್ರೋಫಿ ತಂದ ಸರಣಿಯಲ್ಲಿ 827. 2023ರ ಜನವರಿಯಲ್ಲಿ ಅಸ್ಸಾಂ ವಿರುದ್ಧ 379. ರಣಜಿ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡದು ಆಗ ಒಂದೇ ಇತ್ತು, ಮಹಾರಾಷ್ಟ್ರದ ಬಿ.ಬಿ. ನಿಂಬಾಳ್ಕರ್ 1948ರಲ್ಲಿ ಪುಣೆಯಲ್ಲಿ ಹೊಡೆದ ಅಜೇಯ 443. ಕುಸಿದದ್ದು ಅದಾದ ಮೇಲೆ. ಮೊಣಕಾಲಿನ ಗಾಯ. 2024ರ ಅಕ್ಟೋಬರ್‌ನಲ್ಲಿ ಮುಂಬೈ ರಣಜಿ ತಂಡದಿಂದ ಹೊರಗೆ, ಫಿಟ್‌ನೆಸ್ ಮತ್ತು ಶಿಸ್ತಿನ ಕಾರಣಕ್ಕೆ ಎಂದು ಆಗ ವರದಿಯಾಯಿತು. ಮರುತಿಂಗಳ ಐಪಿಎಲ್ ಹರಾಜಿನಲ್ಲಿ ಕೊಳ್ಳುವವರಿಲ್ಲ. ಆಟಕ್ಕೆ ಕೊಡುವ ಹೊತ್ತು ಕಡಿಮೆಯಾಯಿತು, ಸಹವಾಸ ಸರಿ ಇರಲಿಲ್ಲ ಎಂದು 2025ರಲ್ಲಿ ಶಾ ತಾವೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅವರೇ ಕೊಟ್ಟ ಕಾರಣಗಳನ್ನು ಬಿಟ್ಟು ನಾವು ಸಿರಪ್ ಬಾಟಲಿ ಹುಡುಕುವುದು ಸುಮ್ನೆ.

ಹಾಗೆಂದು ನಿಷೇಧಕ್ಕೆ ಏನೂ ಸಂಬಂಧವಿಲ್ಲ ಎನ್ನಲೂ ಆಗದು. ಅದು ಹೆಸರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಏನೇ ಆದರೂ ‘ಮೊದಲಿಂದಲೂ ಹೀಗೇ’ ಎನ್ನಲು ಜನರಿಗೆ ಒಂದು ನೆಪ ಸಿಗುತ್ತದೆ.

ಬೇರೆಯವರು ಹೇಗೆ ಎದ್ದರು? ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್ 2003ರ ವಿಶ್ವಕಪ್‌ಗೆ ಮುಂಚೆ ಮೂತ್ರ ಹೆಚ್ಚಿಸುವ ಮಾತ್ರೆಗೆ ಸಿಕ್ಕಿಬಿದ್ದು ಒಂದು ವರ್ಷ ಹೊರಗಿದ್ದರು. ಅಮ್ಮ ಕೊಟ್ಟ ಮಾತ್ರೆ ಅಂದರು. ಆಗ ಅವರ ಖಾತೆಯಲ್ಲಿ 491 ವಿಕೆಟ್. ಮರಳಿದ ಮೊದಲ ಸರಣಿಯಲ್ಲೇ ಶ್ರೀಲಂಕಾದಲ್ಲಿ ಮೂರು ಟೆಸ್ಟ್‌ಗೆ 26, ಕೊನೆಗೆ ಒಟ್ಟು 708. ಆದರೆ ವಾರ್ನ್‌ಗೆ ಆಗ 30 ದಾಟಿತ್ತು, ಹೆಸರು ಗಟ್ಟಿಯಾಗಿತ್ತು. ನಮ್ಮವರಿಗೆ ಹತ್ತಿರದ ಉದಾಹರಣೆ ದೆಹಲಿಯ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್. 2013ರ ಐಪಿಎಲ್‌ನಲ್ಲಿ ಸಿಕ್ಕಿಬಿದ್ದು 18 ತಿಂಗಳು ಹೊರಗೆ. ಮತ್ತೆ ದೇಶಿ ಕ್ರಿಕೆಟ್‌ನಲ್ಲಿ ವರ್ಷಗಟ್ಟಲೆ ದುಡಿದರು, ಐಪಿಎಲ್‌ಗೂ ಮರಳಿದರು, 2022ರಲ್ಲಿ ಗುಜರಾತ್ ಟೈಟನ್ಸ್ ಪರವೂ ಆಡಿದರು. ಆ ವರ್ಷ ಆ ತಂಡವೇ ಚಾಂಪಿಯನ್. ಒಂಬತ್ತು ವರ್ಷದ ಈ ದಾರಿಯನ್ನು ಬರೆದವರು ಕಡಿಮೆ.

ರಬಾಡಗೆ ಮಾತ್ರ ಒಂದೇ ತಿಂಗಳು ಯಾಕೆ?

2025ರಲ್ಲಿ ದಕ್ಷಿಣ ಆಫ್ರಿಕಾದ ವೇಗಿ ಕಗಿಸೊ ರಬಾಡ ಮೋಜಿಗಾಗಿ ಬಳಸುವ ಮಾದಕ ವಸ್ತುವಿಗೆ ಸಿಕ್ಕಿಬಿದ್ದರು. ಐಪಿಎಲ್ ನಡುವೆಯೇ ಊರಿಗೆ ಹೋದರು, ಒಂದು ತಿಂಗಳ ಶಿಕ್ಷೆ ಮುಗಿಸಿ ಬಂದರು, ಜೂನ್‌ನಲ್ಲಿ ಲಾರ್ಡ್ಸ್‌ನ ವಿಶ್ವ ಟೆಸ್ಟ್ ಫೈನಲ್‌ನಲ್ಲಿ 9 ವಿಕೆಟ್ ತೆಗೆದರು. ಕೆಮ್ಮಿನ ಸಿರಪ್‌ಗೆ ಎಂಟು ತಿಂಗಳು, ಮಾದಕ ವಸ್ತುವಿಗೆ ಒಂದು ತಿಂಗಳು! ಓದಿದವರಿಗೆ ತಲೆ ತಿರುಗುವುದು ಸಹಜ.

ಕಾರಣ ಇದೆ. ಶಾ ಪ್ರಕರಣ ಹಳೆಯ ಸಂಹಿತೆಯದು. 2021ರಲ್ಲಿ ಬಂದ ಹೊಸ ವಾಡಾ ಸಂಹಿತೆ ಕೊಕೇನ್, ಹೆರಾಯಿನ್‌ನಂಥ ಕೆಲವನ್ನು ಬೇರೆಯಾಗಿ ನೋಡುತ್ತದೆ. ಪಂದ್ಯದ ಹೊತ್ತಿನಲ್ಲಿ ಅಲ್ಲದೆ, ಆಟದ ಲಾಭಕ್ಕೂ ಅಲ್ಲದೆ ಬಳಸಿದ್ದರೆ ಮೂರು ತಿಂಗಳು. ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ ಒಂದೇ ತಿಂಗಳು. ಇಲ್ಲಿ ನಿಯಮವೇ ಆಟಗಾರನನ್ನು ಕೈಹಿಡಿದು ಯಾರೋ ಒಬ್ಬರ ಹತ್ತಿರ ಕರೆದೊಯ್ಯುತ್ತದೆ. ಶಿಕ್ಷೆ ಮತ್ತು ದುರಸ್ತಿ ಒಟ್ಟಿಗೇ ನಡೆಯುತ್ತವೆ.

ಸಿರಪ್ ಕುಡಿದವನಿಗೆ, ಸಪ್ಲಿಮೆಂಟ್ ನುಂಗಿ ಸಿಕ್ಕಿಬಿದ್ದವನಿಗೆ ಇಂಥ ಏರ್ಪಾಡು ಇಲ್ಲ. ಅವನಿಗೆ ವ್ಯಸನ ಇಲ್ಲ, ನಿಜ. ಆದರೆ 19ರ ವಯಸ್ಸಿನಲ್ಲಿ ತಂಡ, ದಿನಚರಿ, ಕೋಚ್ ಮೂರೂ ಒಟ್ಟಿಗೆ ತಪ್ಪಿಹೋದರೆ ಅವನನ್ನು ವಾರಕ್ಕೊಮ್ಮೆ ಯಾರು ವಿಚಾರಿಸಬೇಕು? ಮನೆಯವರು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಷೇಧ ಯಾವ ಮಧ್ಯರಾತ್ರಿಗೆ ಮುಗಿಯುತ್ತದೆ ಎಂದು ಬರೆಯುವ ಆದೇಶ, ಅಲ್ಲಿಯವರೆಗೆ ಸಂಘದ ಜವಾಬ್ದಾರಿ ಏನು ಎಂದು ಒಂದು ಸಾಲನ್ನೂ ಬರೆಯುವುದಿಲ್ಲ. ಸೌಲಭ್ಯ ಕೊಡಬೇಡಿ ಎನ್ನುತ್ತದೆ. ಒಬ್ಬ ಆಪ್ತಸಮಾಲೋಚಕರನ್ನು ಗೊತ್ತುಮಾಡಬೇಡಿ, ಓದಿಗೆ ನೆರವಾಗಬೇಡಿ ಎಂದು ಎಲ್ಲೂ ಹೇಳಿಲ್ಲ. ರಾಜ್ಯ ಸಂಘಗಳ ಹತ್ತಿರ ದುಡ್ಡಿಗೇನು ಕೊರತೆಯೇ?

ಇನ್ನು ಮುಂದೆ

ಶಾ ತೀರ್ಪು ಬಂದ ಹತ್ತೇ ದಿನಕ್ಕೆ, 2019ರ ಆಗಸ್ಟ್ 9ರಂದು, ಬಿಸಿಸಿಐ ವರ್ಷಗಳ ಹಟ ಬಿಟ್ಟು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಕೆಳಗೆ ಬರಲು ಒಪ್ಪಿತು. ಈಗ ಪರೀಕ್ಷೆ ನಾಡಾದ್ದು, ವಿಚಾರಣೆ ಬೇರೆ ಸಮಿತಿಯದ್ದು. ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೇವೆ ಎಂದು ದೊಡ್ಡ ಆಟಗಾರರು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೂ ಉಲ್ಲಂಘನೆ. ವೆಸ್ಟ್ ಇಂಡೀಸ್‌ನ ಆಂದ್ರೆ ರಸೆಲ್ 2017ರಲ್ಲಿ ಒಂದು ವರ್ಷ ಕಳೆದುಕೊಂಡದ್ದು ಇದಕ್ಕೇ, ಯಾವ ಮದ್ದಿಗೂ ಅಲ್ಲ. 2020ರಲ್ಲಿ ನಮ್ಮ ಕೆ.ಎಲ್. ರಾಹುಲ್ ಸೇರಿ ಐವರಿಗೆ ಈ ವಿವರ ಕೊಡದ್ದಕ್ಕೆ ನೋಟಿಸ್ ಹೋಗಿತ್ತು. ಪಾಸ್‌ವರ್ಡ್ ತೊಂದರೆ ಎಂದು ಮಂಡಳಿ ಸಮಜಾಯಿಷಿ ಕೊಟ್ಟಿತು. 2024ರಲ್ಲಿ ಎಲ್ಲ ಕ್ರೀಡೆ ಸೇರಿ ಭಾರತದ 7,113 ಸ್ಯಾಂಪಲ್‌ಗಳಲ್ಲಿ 260 ಪಾಸಿಟಿವ್ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿದೆ. ಪರೀಕ್ಷೆ ಕಡಿಮೆ ಆಗುವ ಲಕ್ಷಣ ಇಲ್ಲ.

ಮನೆಯಲ್ಲಿ ರಾಜ್ಯಮಟ್ಟಕ್ಕೆ ಆಡುವ ಮಗ ಮಗಳು ಇದ್ದರೆ ಮಾಡಬೇಕಾದದ್ದು ಕಷ್ಟದ್ದಲ್ಲ. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ಡಾಕ್ಟರ್ ಹತ್ತಿರ ಹೋದ ಕೂಡಲೇ ‘ಇವನು ಆಟಗಾರ, ಟೆಸ್ಟ್ ಇರುತ್ತೆ’ ಎಂದು ಹೇಳಿಬಿಡಿ. ಜಿಮ್‌ನಲ್ಲಿ ಕೊಡುವ ಹೆಸರಿಲ್ಲದ ಪುಡಿಗೆ ಯಾವ ಆ್ಯಪ್‌ನಲ್ಲೂ ಉತ್ತರ ಇಲ್ಲ, ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಶಾ ಹೇಗೂ ನಾಲ್ಕು ತಿಂಗಳಲ್ಲಿ ಬಂದರಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ಇನ್ನೊಂದು ವಿಷಯ. ಬೇಗ ಒಪ್ಪಿಕೊಂಡರೆ ದಿನಾಂಕ ಹಿಂದಕ್ಕೆ ಹೋಗುತ್ತಿದ್ದ ಆ ಹಳೆಯ ಅನುಕೂಲ 2021ರ ಸಂಹಿತೆಯಲ್ಲಿ ಹಾಗೇ ಉಳಿದಿಲ್ಲ; ಅದರಡಿ ತಪ್ಪೊಪ್ಪಿಕೊಂಡವನ ಜೊತೆ ನಾಡಾ ಮತ್ತು ವಾಡಾ ಎರಡೂ ಒಪ್ಪಂದಕ್ಕೆ ಬಂದರೆ ಮಾತ್ರ ಅದು ಸಿಗುತ್ತದೆ. ಅದೇ ಸಿರಪ್‌ಗೆ ಅದೇ ಎಂಟು ತಿಂಗಳು ಸಿಕ್ಕವರು, ಆ ಒಪ್ಪಂದ ಆಗದೆ, ವಿಚಾರಣೆಯೂ ತಡವಾಗದಿದ್ದರೆ, ಇಂದು ಹೆಚ್ಚುಕಡಿಮೆ ಎಂಟು ತಿಂಗಳೂ ಹೊರಗೇ ಇರಬೇಕು.